ಶೇಖರನ ಚಪ್ಪಲಿ ಬಿಡಿಸಿದ್ದು ನಾನು

ಕಳೆದ ವಾರ ನನ್ನಿಂದಾಗಿ ಒಬ್ಬ ಸಾಯುವುದರಲ್ಲಿದ್ದ. ಸುಮ್ಮನೆ ಹೇಳುವುದಲ್ಲ.

ಕುಂಬ್ರದಲ್ಲಿ ಮಗಳ ಹೊಸ ಮನೆಗೆ ಟೈಲ್ಸ್ ಹಾಕುತ್ತಿದ್ದಾರೆ. ಮಗಳು, ಅಳಿಯ ಇಬ್ಬರೂ ಡ್ಯೂಟಿಗೆ ಹೋಗುವವರು. ಕಾವಲಿಗೆ ನಾನು. ಅಂದು ದೇವರ ಕೋಣೆಯ ನೆಲ. ಟೈಲ್ಸ್ ಕೂರಿಸುವ ಶೇಖರ ಹವಾಯಿ ಚಪ್ಪಲಿಯಲ್ಲೇ ಒಳಗೆ ಬಂದ.

"ಚಪ್ಪಲಿ ಹೊರಗೆ ಬಿಡು ಮಾರಾಯ" ಎಂದೆ.

"ಇರ್ಲಿ ಅಜ್ಜಿ. ಈ ಕಟ್ಟರ್ ಹಿಡಿದ್ರೆ ಕೈ ಸ್ವಲ್ಪ ಜುಮ್ ಅಂತದೆ. ದೇವರು ಇನ್ನೂ ಬರ್ಲಿಲ್ಲ ಅಲ್ವಾ?"

"ಬರುವಾಗ ನಿನ್ನ ಮಣ್ಣು ಒರೆಸ್ಲಿಕ್ಕೆ ನೀನು ಬರ್ತೀಯಾ?"

ನಕ್ಕು, ಚಪ್ಪಲಿ ಹೊರಗೆ ಬಿಟ್ಟು ಬಂದ. ನೆಲವೆಲ್ಲ ನೀರು.

ಕಾಲು ಗಂಟೆ ಆಗಿರಲಿಲ್ಲ. ಕಟ್ಟರ್ ಓಡುತ್ತಲೇ ಇತ್ತು, ಶೇಖರ ಗೋಡೆಗೆ ಒರಗಿ ನಡುಗುತ್ತಿದ್ದ. ಬಾಯಿ ತೆರೆದಿದೆ, ಸ್ವರ ಇಲ್ಲ. ಕೈ ಬಿಡಲಿಕ್ಕೂ ಆಗುತ್ತಿಲ್ಲ. ಹೋಗಿ ಸ್ವಿಚ್ಚು ಆಫ್ ಮಾಡಿದೆ. (ಅವನನ್ನು ಹಿಡಿದು ಎಳೆದಿದ್ದರೆ ಈ ವಾರ ನೀವು ಇದನ್ನು ಓದುತ್ತಿರಲಿಲ್ಲ.)

ಬದುಕಿದ. ಅಂಗೈ ಸುಟ್ಟಿದೆ. ಪುತ್ತೂರಿನ ಆಸ್ಪತ್ರೆಯಲ್ಲಿ ಎರಡು ದಿನ ಮಲಗಿಸಿ ಕಳಿಸಿದರು.

ಆಮೇಲೆ ಆ ವಯರು ನೋಡಿದೆ. ಐದು ಕಡೆ ಟೇಪು. ತುದಿಯಲ್ಲಿ ಪಿನ್ನೇ ಇಲ್ಲ. ಸುಲಿದ ಎರಡು ವಯರನ್ನು ಬೋರ್ಡಿನ ತೂತಿಗೆ ತೂರಿಸಿ, ಬೀಳದ ಹಾಗೆ ಬೆಂಕಿಕಡ್ಡಿ ಸಿಕ್ಕಿಸಿದ್ದಾರೆ. ಮೂರನೆಯದು, ಹಸಿರು, ಬುಡಕ್ಕೇ ಕತ್ತರಿಸಿದ್ದಾರೆ.

"ಅದು ಎಂತಕ್ಕೆ ಅಜ್ಜಿ? ಅದಿಲ್ಲದಿದ್ದರೂ ಮೆಷಿನ್ ಓಡ್ತದೆ" ಎಂದ ಕೆಲಸ ಮಾಡಿಸುವ ಮೇಸ್ತ್ರಿ.

ಓಡುತ್ತದೆ. ಹಸಿರು ವಯರು ಇರುವುದು ಮೆಷಿನ್ ಓಡಲಿಕ್ಕಲ್ಲ. ಮೆಷಿನಿನ ಮೈಗೆ ಬಂದ ಕರೆಂಟನ್ನು ಮಣ್ಣಿಗೆ ಇಳಿಸಲಿಕ್ಕೆ. ಅದಿಲ್ಲದಿದ್ದರೆ ಕರೆಂಟು ಇಳಿಯುವುದು ಮನುಷ್ಯನ ಮೈಯಿಂದ. ಮೂರನೇ ಕ್ಲಾಸು ಕಲಿತ ನನಗೆ ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದಲ್ಲಿ ಕೂತವರು ಹೇಳಿ ಇಷ್ಟು ಗೊತ್ತಾಯಿತು. ದಿನಾ ಅದರಲ್ಲೇ ಕೈ ಆಡಿಸುವವರಿಗೆ ಗೊತ್ತಿಲ್ಲವಾ?

ಗೊತ್ತುಂಟು. ಅದಕ್ಕೇ ಚಪ್ಪಲಿ ಹಾಕುವುದು.

ಈಗ ಬಂದವರೆಲ್ಲ ನನಗೇ ಹೇಳುತ್ತಾರೆ, "ಚಪ್ಪಲಿ ಬಿಡಿಸಬಾರದಿತ್ತು." ತಪ್ಪು ನನ್ನದೇ, ಇಲ್ಲ ಎನ್ನುವುದಿಲ್ಲ. ಆದರೆ ಒಬ್ಬನ ಜೀವ ಸವೆದ ರಬ್ಬರಿನ ಮೇಲೆ ನಿಂತಿತ್ತಲ್ಲ, ಅದನ್ನು ಯಾರಾದರೂ ಕೇಳಿದರಾ? ಹೇಳಿ ಹೇಳಿ ನನಗೂ ಸಾಕಾಗಿದೆ.

ನಿನ್ನೆ ಶೇಖರ ಕೈಗೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಬಂದ. ವಯರು ಅದೇ, ಟೇಪು ಈಗ ಆರು ಕಡೆ. ನಾನು ಬೋರ್ಡಿನ ಎದುರು ಕುರ್ಚಿ ಹಾಕಿ ಕೂತೆ. ಹೊಸ ವಯರು, ಮೂರು ಪಿನ್ನು, ಅರ್ಥಿಂಗ್ ಆಗದೆ ಸ್ವಿಚ್ಚು ಮುಟ್ಟಬೇಡಿ ಎಂದೆ.

"ನಿಲ್ಲಿಸ್ಬೇಡಿ ಅಜ್ಜಿ, ನಾನು ಬೂಟ್ಸು ಹಾಕ್ತೇನೆ" ಎಂದ ಶೇಖರ. ಅವನಿಗೆ ಆ ದಿನದ ಕೂಲಿಯ ಚಿಂತೆ.

ಮನೆಯ ಹಿಂದೆ ಅರ್ಥಿಂಗಿಗೆ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿಸಿ, ಪೈಪು ಹುಗಿದು ತಿಂಗಳಾಯಿತು. ಅಲ್ಲಿಂದ ಬೋರ್ಡಿಗೆ ವಯರು ಎಳೆದಿಲ್ಲ, ಅಷ್ಟೇ.

"ಅದು ಫ್ರಿಜ್ಜು, ಟಿವಿಗೆ ಅಜ್ಜಿ" ಎಂದ ಮೇಸ್ತ್ರಿ. "ಫ್ರಿಜ್ಜೇ ಬರ್ಲಿಲ್ಲ, ಈಗಲೇ ಎಂತಕ್ಕೆ?"

"ಶೇಖರ ಬಂದಿದ್ದಾನಲ್ಲ ಮಾರಾಯ" ಎಂದೆ.