ಖಾಲಿಯಾಗಿ ಬರುತ್ತಿದ್ದ ಬಟ್ಟಲು

ಎದುರು ಮನೆಯ ಸೊಸೆ ಬಾಣಂತನ ಮುಗಿಸಿ ಮಗುವಿನೊಂದಿಗೆ ಬಂದಿದ್ದಾಳೆ. ನಿನ್ನೆ ಬೆಳಿಗ್ಗೆ ಅವರ ಅಡುಗೆಮನೆಯಿಂದ ಮೊಳಕೆ ಕಟ್ಟಿದ ರಾಗಿ ಹುರಿಯುವ ವಾಸನೆ ಬಂತು. ಊರಿಗೆಲ್ಲ ಹಿತವಾದ ವಾಸನೆ ಅದು. ನಾನು ಮಾತ್ರ ಎದ್ದು ಹೋಗಿ ಕಿಟಕಿ ಹಾಕಿದೆ.

ನನ್ನ ಮಗಳು ಕೈಗೂಸಾಗಿದ್ದಾಗ ನಾವು ಚನ್ನರಾಯಪಟ್ಟಣದಲ್ಲೇ ಬೇರೊಂದು ಬೀದಿಯಲ್ಲಿ ಬಾಡಿಗೆಗಿದ್ದೆವು. ಪಕ್ಕದ ಮನೆಯಲ್ಲೊಬ್ಬರು ಅಜ್ಜಿ. ನಾನು ಶ್ರವಣಬೆಳಗೊಳದ ಒಂದು ಲಾಡ್ಜಿನ ಕೌಂಟರಿನಲ್ಲಿ ಕೆಲಸಕ್ಕಿದ್ದೆ. ಮಗಳಿಗೆ ಏಳು ತಿಂಗಳು ತುಂಬುತ್ತಲೇ ಅವಳನ್ನು ಆ ಅಜ್ಜಿಯ ಮಡಿಲಿಗೆ ಹಾಕಿ ಬಸ್ಸು ಹತ್ತತೊಡಗಿದೆ. ಅವರ ಮಗಳೂ ಹಾಸನದ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದುದರಿಂದ ಅದೇ ವಯಸ್ಸಿನ ಮೊಮ್ಮಗನೊಬ್ಬ ಅವರ ಬಳಿಯೇ ಇದ್ದ. ಗುಂಡುಕಲ್ಲಿನಂಥ ಹುಡುಗ. ನನ್ನ ಮಗಳೋ ಕಡ್ಡಿ.

ರಾಗಿ ಸರಿ ಕಾಯಿಸಿ, ತುಪ್ಪ ಬಿಟ್ಟು, ನಾನೇ ತಿನ್ನಿಸಲು ಕೂತರೆ ಎರಡು ಚಮಚಕ್ಕೆ ಮುಖ ತಿರುಗಿಸುತ್ತಿದ್ದಳು. ಡಾಕ್ಟರು ತೂಕ ನೋಡಿ, "ಎದೆಹಾಲು ಕುಡೀತಿದೆ, ಆಡ್ಕೊಂಡಿದೆ, ತೂಕನೂ ಏರ್ತಿದೆ. ಎಲ್ಲಾ ಮಕ್ಕಳ ಹಸಿವೂ ಒಂದೇ ಥರ ಇರುತ್ತೇನಮ್ಮ? ಸಾಕು ಅಂದ್ರೆ ಬಿಟ್ಬಿಡಿ," ಎಂದಿದ್ದರು. ನನ್ನ ಕಿವಿಗೆ ಹೋಗಲಿಲ್ಲ. ನಾನು ಆ ಅಜ್ಜಿಯ ಮಾತನ್ನು ನಂಬಿದೆ.

"ಕೊಡವ್ವ ಇತ್ಲಾಗೆ. ನೀನ್ ಎದ್ರುಗಿದ್ರೆ ಅದು ಬಾಯೇ ಬುಡಾಕಿಲ್ಲ. ಎತ್ತೋಳ್ ಕಣ್ಣು ಬಲು ಬಿರ್ನೆ ತಾಕ್ತದೆ ಕಣವ್ವ," ಅಂದರು.

ಮಗು ಉಣ್ಣುವುದನ್ನು ಯಾರೂ ನೋಡಬಾರದು, ತಾಯಿಯಂತೂ ನೋಡಲೇಬಾರದು ಎಂಬುದು ಅವರ ಕಟ್ಟುನಿಟ್ಟು. ಕೆಲಸಕ್ಕೆ ಹೋಗುವ ದಿನವಷ್ಟೇ ಅಲ್ಲ, ರಜೆಯ ದಿನವೂ ನಾನು ಬಟ್ಟಲನ್ನು ಅವರ ಹೊಸ್ತಿಲ ಹತ್ತಿರ ಕೊಟ್ಟು ನಿಲ್ಲುತ್ತಿದ್ದೆ. ಅವರು ಕದ ಮುಂದಕ್ಕೆಳೆದುಕೊಳ್ಳುತ್ತಿದ್ದರು. ಒಳಗಿನಿಂದ ಚಮಚದ ಸದ್ದು, "ಆ... ಆ ಅನ್ನು ನನ್ ಬಂಗಾರ," ಎಂಬ ಮುದ್ದು... ಸ್ವಲ್ಪ ಹೊತ್ತಿಗೆ ಕದ ತೆರೆದು, ಒರೆಸಿಟ್ಟಷ್ಟು ಚೊಕ್ಕಟವಾದ ಬಟ್ಟಲನ್ನು ಕೈಗಿಡುತ್ತಿದ್ದರು.

"ನೆಕ್ಕಿಬುಟ್ಲು ಕಣವ್ವ ನಿನ್ ಮಗ್ಳು!"

ಎಷ್ಟು ಹಿಗ್ಗಿದ್ದೆನೋ! ಇನ್ನೂ ದೊಡ್ಡ ಬಟ್ಟಲಿಗೆ ಬದಲಾಯಿಸಿದೆ. ಅದೂ ಖಾಲಿಯಾಗಿಯೇ ಬಂತು. ಆದರೆ ಸಂಜೆ ನನ್ನ ಕೈಯಲ್ಲಿ ಮತ್ತದೇ ಎರಡು ಚಮಚ. ಮಲ್ಲಿಪಟ್ಟಣದಿಂದ ಅತ್ತೆ ಫೋನು ಮಾಡಿದಾಗ, "ಊರೋರ ಕೈಲಿ ಉಣ್ಣೋ ಮಗ ಎತ್ತವ್ವನ ಕೈಲಿ ಯಾಕ್ ಉಣ್ಣಕಿಲ್ವಂತೆ?" ಎಂದರು. ಮಗುವಿಗೆ ನಾನು ಬೇಡವಾಗಿದ್ದೇನೆ ಎಂದೇ ತಿಳಿದು ಬಚ್ಚಲಲ್ಲಿ ನಿಂತು ಅತ್ತಿದ್ದೇನೆ. ಕೊನೆಗೆ ಸಂಜೆಯ ಊಟವನ್ನೂ ಅವರಿಗೇ ಬಿಟ್ಟುಕೊಟ್ಟೆ.

ಒಂದು ದಿನ ಲಾಡ್ಜಿನಲ್ಲಿ ನೀರಿನ ಮೋಟಾರು ಸುಟ್ಟುಹೋಗಿ, ಹೊಸಬರಿಗೆ ರೂಮು ಕೊಡುವುದು ಬೇಡವೆಂದು ಮಾಲೀಕರು ನಮ್ಮನ್ನೆಲ್ಲ ಮಧ್ಯಾಹ್ನವೇ ಕಳಿಸಿಬಿಟ್ಟರು. ಮಗಳನ್ನು ಕರೆದುಕೊಂಡು ಹೋಗೋಣವೆಂದು ಅಜ್ಜಿಯ ಮನೆಯ ಹಿತ್ತಲ ಕಡೆಯಿಂದ ಬಂದೆ. ಆ ಬಾಗಿಲು ತೆರೆದಿತ್ತು.

ಅಜ್ಜಿ ಕಾಲು ನೀಡಿಕೊಂಡು ಕೂತಿದ್ದರು. ಕಾಲ ಮೇಲೆ ಮಲಗಿದ್ದವನು ಅವರ ಮೊಮ್ಮಗ. ಕೈಯಲ್ಲಿದ್ದದ್ದು ನನ್ನ ಬಟ್ಟಲು. ಅವನು ಗಬಗಬನೆ ನುಂಗುತ್ತಿದ್ದ. ನನ್ನ ಮಗಳು ತುಟಿಯ ಮೇಲೆ ಒಂದಿಷ್ಟು ಸರಿ ಮೆತ್ತಿಕೊಂಡು, ಪಕ್ಕದಲ್ಲಿ ಡಬ್ಬಿಯ ಮುಚ್ಚಳ ಬಡಿಯುತ್ತಾ ನಗುತ್ತಿದ್ದಳು.

"ಓ... ಇಷ್ಟ್ ಬಿರ್ನೆ ಬಂದ್ಬುಟ್ಯಾ?" ಅಜ್ಜಿಯ ಕೈ ನಿಂತಿತು. "ನಿನ್ ಮಗ್ಳು ಎಲ್ಡ್ ಚಮಚಕ್ಕೇ ಸಾಕು ಅಂತಳೆ ಕಣವ್ವ. ಇವನ್ಗೆ ಎಷ್ಟ್ ಉಯ್ದ್ರೂ ಸಾಲ್ದು. ಚೆಲ್ಲೋದ್ಯಾಕೆ ಅಂತ..."

"ಮತ್ತೆ ದಿನಾ ನೆಕ್ಕಿಬಿಟ್ಲು ಅಂತಿದ್ರಲ್ಲ?"

"ನಿನ್ ಮನ್ಸಿಗೆ ಸಮಾಧಾನ ಆಗ್ಲಿ ಅಂತ ಅಂದೆ."

ಸಮಾಧಾನ! ಮೈಯೆಲ್ಲ ಉರಿದುಹೋಯಿತು. ಆ ಕೂಸು ಉಂಡಿದ್ದಕ್ಕೆ ನನಗೆ ಸಿಟ್ಟಿರಲಿಲ್ಲ, ಅವನ ಹಸಿವು ಅವನದು. ಆದರೆ ನನ್ನ ಕಣ್ಣೇ ಕೆಟ್ಟದ್ದೆಂದು ನಂಬಿಸಿ, ನನ್ನನ್ನು ಹೊಸ್ತಿಲಾಚೆ ನಿಲ್ಲಿಸಿ ಕದ ಹಾಕಿಕೊಂಡರಲ್ಲ... ನನ್ನ ಮಗಳು ಅಲ್ಲಿಯೂ ಇಲ್ಲಿಯೂ ಉಣ್ಣುತ್ತಿದ್ದದ್ದು ಎರಡೇ ಚಮಚ. ಅವಳಿಗೆ ಅಷ್ಟೇ ಬೇಕಿತ್ತು, ಅಷ್ಟರಲ್ಲೇ ಚೆನ್ನಾಗಿದ್ದಳು. ಅವಳು ಮೊದಮೊದಲು ಉಣ್ಣಲು ಕಲಿತ ಆ ದಿನಗಳನ್ನು ನಾನು ನೋಡಲೇ ಇಲ್ಲ.

ಮಗಳನ್ನು ಎತ್ತಿಕೊಂಡು ಬಂದುಬಿಟ್ಟೆ. ಹೊಳೆನರಸೀಪುರದಿಂದ ಅಮ್ಮನನ್ನು ಕರೆಸಿಕೊಂಡೆ. ಅಜ್ಜಿ ಎರಡು ಸಲ ಕಾಂಪೌಂಡಿನ ಆಚೆಯಿಂದ ಕೂಗಿದರು, ನಾನು ಓಗೊಡಲಿಲ್ಲ. ಮಗಳು ಮಾತ್ರ ಎಷ್ಟೋ ದಿನ ಮಧ್ಯಾಹ್ನವಾಯಿತೆಂದರೆ ಅಂಬೆಗಾಲಿಟ್ಟು ಆ ಕಡೆಯ ಬಾಗಿಲಿಗೆ ಹೋಗುತ್ತಿದ್ದಳು. ಮುಂದೆ ಅಜ್ಜಿ ಹಾಸನಕ್ಕೆ ಮಗಳ ಮನೆಗೆ ಹೋದರೆಂದು ಕೇಳಿದೆ. ನಾವೂ ಮನೆ ಬದಲಾಯಿಸಿದೆವು. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ, ಇವತ್ತಿಗೂ ಅರ್ಧ ಮುದ್ದೆಗೇ ಕೈ ತೊಳೆಯುತ್ತಾಳೆ.

ಹೋದ ತಿಂಗಳು ದಪ್ಪನೆಯ ಹುಡುಗನೊಬ್ಬ ಮನೆ ಹುಡುಕಿಕೊಂಡು ಬಂದ. ಅವನೇ, ಆ ಮೊಮ್ಮಗ. ಅಜ್ಜಿ ತೀರಿಕೊಂಡರು, ತಿಥಿಗೆ ಬರಬೇಕು ಎಂದ.

"ನಿಮ್ಮನೆ ಸರಿ ತಿಂದು ಬೆಳ್ದೋನು ಇವ್ನು ಅಂತ ಅಜ್ಜಿ ಎಲ್ಲರ್ ಮುಂದೂ ಹೇಳ್ಕತಿತ್ತು ಆಂಟಿ," ಎಂದು ನಕ್ಕ.

ಎಲ್ಲರ ಮುಂದೂ ಹೇಳಿದ್ದಾರೆ. ಕದದಾಚೆ ನಿಂತಿದ್ದ ನನಗೊಬ್ಬಳಿಗೆ ಹೇಳಲಾಗಲಿಲ್ಲ. ಒಂದು ಮಾತು ಕೇಳಿದ್ದರೆ ಎರಡು ಬಟ್ಟಲು ಕಾಯಿಸಿಡುತ್ತಿದ್ದೆನಲ್ಲ...

ತಿಥಿಯ ದಿನ ಸೀರೆ ಉಟ್ಟು ಬಸ್ ಸ್ಟ್ಯಾಂಡಿನವರೆಗೂ ಹೋದೆ. ಹಾಸನದ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಇಷ್ಟು ವರ್ಷ ಮನಸ್ಸಿನಲ್ಲೇ ಆಡಿಕೊಂಡಿದ್ದ ಜಗಳವನ್ನು ಕೇಳಬೇಕಾದವರು ಅಲ್ಲಿರಲಿಲ್ಲ.