ನಕ್ಷೆ ಮೇಷ್ಟ್ರ ಹಳದಿ ನದಿ

ನಮ್ಮ ಶಾಲೆಯ ಸಮಾಜ ಪಾಠದ ಮೇಷ್ಟ್ರನ್ನು ಎಲ್ಲರೂ ನಕ್ಷೆ ಮೇಷ್ಟ್ರು ಎನ್ನುತ್ತಿದ್ದೆವು. ಪಕ್ಕದ ಕೋಣೆಯಲ್ಲಿ ಗಣಿತ ಹೇಳುವ ನನಗೆ ಅವರ ಮಧ್ಯಯುಗದ ಚೀನಾ ಕಂಠಪಾಠವಾಗಿತ್ತು. ನಡುವಿನ ಗೋಡೆ ತೆಳು, ಅವರ ಗಂಟಲು ದೊಡ್ಡದು. "ನೆಲ ಹೇಗೋ ಜನ ಹಾಗೆ!" ಎಂದು ಅವರು ಗುಡುಗಿದಾಗಲೆಲ್ಲ ನನ್ನ ಮಕ್ಕಳ ಭಾಗಾಕಾರದಲ್ಲಿ ಶೇಷ ತಪ್ಪುತ್ತಿತ್ತು. ಪಶ್ಚಿಮಕ್ಕೆ ಬೆಟ್ಟ, ಪೂರ್ವಕ್ಕೆ ಸಮುದ್ರ. ದೊಡ್ಡ ನದಿಗಳೆಲ್ಲ ಪೂರ್ವಕ್ಕೇ ಹರಿದರೆ ದಕ್ಷಿಣದ ಅಕ್ಕಿ ಉತ್ತರದ ರಾಜಧಾನಿಗೆ ಹೋಗುವುದು ಹೇಗೆ? ಅದಕ್ಕೇ ಮಹಾಕಾಲುವೆ ತೋಡಿದರು. ಇಷ್ಟು ಹೇಳಲು ಅವರಿಗೆ ಹದಿನೈದು ದಿನ ಬೇಕಾಗುತ್ತಿತ್ತು.

ಈ ವರ್ಷ ಹೆಡ್‌ಮೇಡಂ ಅವರನ್ನು ಕರೆಸಿದರು.

"ಮೇಷ್ಟ್ರೇ, ನೀವೊಬ್ರೇ ಮಾತಾಡ್ತೀರಿ, ಮಕ್ಳು ತೂಕಡಿಸ್ತಾರೆ ಅಂತ ದೂರು ಬಂದಿದೆ. ಇನ್ಸ್‌ಪೆಕ್ಟರ್ ಬಂದು ಪಾಠ ನೋಡ್ತಾರೆ. ಅವ್ರು ಒಪ್ಪದಿದ್ರೆ ಏಳನೇ ಕ್ಲಾಸು ಡ್ರಿಲ್ ಮೇಷ್ಟ್ರಿಗೆ, ನಿಮಗೆ ಲೈಬ್ರರಿ."

ನಮ್ಮ ಲೈಬ್ರರಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಬೀರು. ಮೇಷ್ಟ್ರ ಮುಖ ಸಣ್ಣದಾಯಿತು. ಮನೆಯಲ್ಲಿ ಅವರು ಚೀನಾದ ಹೆಸರೆತ್ತಿದರೆ ಹೆಂಡತಿ ಎದ್ದು ಹೋಗುತ್ತಿದ್ದರು. ಏಳನೇ ಕ್ಲಾಸೂ ಹೋದರೆ ಅವರ ಮಾತು ಕೇಳುವವರೇ ಇರಲಿಲ್ಲ.

ಇನ್ಸ್‌ಪೆಕ್ಟರ್ ಬರುವ ದಿನ ಮೇಷ್ಟ್ರು ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಮಣ್ಣಿನ ಚೀನಾ ಕಟ್ಟಿದರು. "ಸರ್, ಸ್ವಲ್ಪ ತಿರುಗಿಸಿದ್ರೆ ಎಲ್ರಿಗೂ ಕಾಣತ್ತೆ" ಎಂದೆ, ಸಹಾಯಕ್ಕೆ ಹೋಗಿದ್ದ ನಾನು. ಅವರು ಜೇಬಿನಿಂದ ದಿಕ್ಸೂಚಿ ತೆಗೆದರು.

"ಮೇಡಂ, ನಕ್ಷೆಯ ಪಶ್ಚಿಮ ನಿಜವಾದ ಪಶ್ಚಿಮಕ್ಕೇ ಇರ್ಬೇಕು. ಇಲ್ಲಾಂದ್ರೆ ಅದು ಭೂಗೋಳ ಅಲ್ಲ, ಬರೀ ಚಿತ್ರ."

ಇನ್ಸ್‌ಪೆಕ್ಟರ್ ಪಶ್ಚಿಮದ ಗೋಡೆಯ ಪಕ್ಕ, ಬೆಟ್ಟಗಳ ಹಿಂದೆ ಕುರ್ಚಿ ಹಾಕಿಕೊಂಡರು. ಮೇಷ್ಟ್ರು ಚೊಂಬಿನಿಂದ ಹಳದಿ ನದಿಯನ್ನು ಹುಯ್ದರು. ನದಿ ಎರಡು ಗೇಣು ಪೂರ್ವಕ್ಕೆ ಹೋಗಿ, ಏನೋ ಮರೆತಂತೆ ವಾಪಸ್ ಬಂದು, ಬೆಟ್ಟ ಕೊರೆದು ಇನ್ಸ್‌ಪೆಕ್ಟರರ ಬೂಟು ಸೇರಿತು. ತೊಳೆದ ನೀರು ಹೊರಗೆ ಹೋಗಲೆಂದು ಆ ಕೋಣೆಗೆ ಪಶ್ಚಿಮಕ್ಕೇ ಇಳಿಜಾರು ಕೊಟ್ಟಿದ್ದರು. ನೆಲ ಒರೆಸುವ ಆಯಾಗೆ ಗೊತ್ತಿದ್ದ ಸಂಗತಿ ಭೂಗೋಳ ಹೇಳುವವರಿಗೆ ಗೊತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು.

ಮೇಷ್ಟ್ರು ಬಾಯಿ ತೆರೆದರು, ಮಾತು ಹೊರಡಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಾನು ಒರೆಸುವ ಬಟ್ಟೆಗೆ ಹುಡುಕಿದೆ.

"ಅಯ್ಯೋ, ರಾಜಧಾನಿ ಮುಳುಗ್ತು!" ಎಂದು ಒಬ್ಬ ಕೂಗಿದ. ಸದಾ ತೂಕಡಿಸುವ ಹುಡುಗಿಯೊಬ್ಬಳು ಎದ್ದು ಬಂದಳು. "ಅಲ್ಲಿ ಪಶ್ಚಿಮ ಎತ್ತರ ಕಣ್ರೋ, ಅದಕ್ಕೇ ನದಿ ಪೂರ್ವಕ್ಕೆ ಹೋಗತ್ತೆ. ಇಲ್ಲಿ ತಗ್ಗು. ಮಣ್ಣು ತನ್ನಿ!" ಇಡೀ ತರಗತಿ ನೆಲಕ್ಕಿಳಿಯಿತು. ಪಶ್ಚಿಮವನ್ನು ಎತ್ತರಿಸಿದರು, ದಡಕ್ಕೆ ಏರಿ ಕಟ್ಟಿದರು, ಏರಿ ಒಡೆಯಿತು, ಬೈದಾಡಿಕೊಂಡು ಮತ್ತೆ ಕಟ್ಟಿದರು. ನದಿ ಪೂರ್ವಕ್ಕೆ ತಿರುಗಿತು. ಆಗ ಇನ್ನೊಬ್ಬಳು "ಅಕ್ಕಿ ದಕ್ಷಿಣದಲ್ಲೇ ಉಳೀತಲ್ಲೇ!" ಎಂದಳು. ಸ್ಕೇಲಿನಿಂದ ಉತ್ತರಕ್ಕೆ ಕಾಲುವೆ ತೋಡಿ ಕಾಗದದ ದೋಣಿ ಬಿಟ್ಟರು. ಯಾರೂ ಮೇಷ್ಟ್ರ ಮುಖ ನೋಡಲಿಲ್ಲ. ಅವರು ಮಾತ್ರ ಒಂದೊಂದು ಮುಖವನ್ನೂ ನೋಡುತ್ತ ನಿಂತಿದ್ದರು.

ವಾರದ ನಂತರ ವರದಿ ಬಂತು. ಹೆಡ್‌ಮೇಡಂ ಸ್ಟಾಫ್ ರೂಮಿನಲ್ಲಿ ಓದಿದರು: "ಪಾಠ ಅತ್ಯುತ್ತಮ. ಮಕ್ಕಳು ತಾವಾಗಿಯೇ ಕಲಿತರು. ಶಿಕ್ಷಕರು ಒಂದು ಮಾತೂ ಆಡುವ ಅಗತ್ಯ ಬೀಳಲಿಲ್ಲ. ಆದ್ದರಿಂದ ಈ ತರಗತಿಗೆ ವಿಷಯ ತಿಳಿದವರೇ ಬೇಕೆಂದಿಲ್ಲ. ಡ್ರಿಲ್ ಶಿಕ್ಷಕರಿಗೆ ವಹಿಸಬಹುದು."

ನನಗೆ ಮೈ ಉರಿಯಿತು. ಜಗಳಕ್ಕೆಂದು ಏಳುವಷ್ಟರಲ್ಲಿ ನಕ್ಷೆ ಮೇಷ್ಟ್ರೇ ಎದ್ದು ಡ್ರಿಲ್ ಮೇಷ್ಟ್ರ ಬಳಿ ಹೋದರು. ಆ ಮನುಷ್ಯ ಆಗಲೇ ಪೆನ್ನು ಹಿಡಿದು ಕೂತಿದ್ದರು.

"ಏನ್ ಸರ್ ಮಾಡ್ಬೇಕು ನಾನು?"

"ನೀರು ಹುಯ್ದು ಸುಮ್ನೆ ನಿಂತ್ಕೊಳ್ಳಿ, ಅಷ್ಟೇ."

"ಅಷ್ಟೇನಾ? ಸುಲಭ ಬಿಡಿ."

"ಹೂಂ, ಸುಲಭ" ಎಂದರು ನಕ್ಷೆ ಮೇಷ್ಟ್ರು. "ನಂಗೆ ಇಪ್ಪತ್ತಾರು ವರ್ಷ ಹಿಡೀತು."

ಡ್ರಿಲ್ ಮೇಷ್ಟ್ರು ಅದನ್ನೂ ಬರೆದುಕೊಂಡರು.