ಕರೆಂಟ್ ಹೋದಾಗ ಆಡೂ ಮಾತು

ಏ ಸಂಘಮಿತ್ರಾ, ಏ ಶಿವ್ಯಾ, ಏ ಸುರಪುರದವ್ರಾ, ಎಲ್ಲಿಗಿ ಹೊಂಟೀರಿ, ನಿಲ್ರಿ ಸ್ವಲ್ಪ. ಗಾಡಿ ಬಂದ್ ಮಾಡ್ರಿ, ಕಿವ್ಯಾಗ ವೈರ್ ಹಾಕ್ಕೋರಿ. ನಾ ಗುಡ್ಡಿ, ಶಹಾಪುರದಿಂದ ಮೊಬೈಲಿನ್ಯಾಗ ಮಾತಾಡಿ ಕಳಸಾಕತ್ತೇನಿ. ಇವತ್ತ ಕಾಲೇಜಿಗಿ ಯಾಕ ಬರಲಿಲ್ಲ ಅಂತ ಮುಂಜಾನಿಂದ ಕೇಳಾಕತ್ತೀರಲ್ಲ, ಹೇಳ್ತೀನಿ. ಒಂದು ಹುಗ್ಗಿ ಡಬ್ಬಿ ಸಂಬಂಧ ಬರಲಿಲ್ಲ. ನಗಬ್ಯಾಡ್ರಿ. ಮಾತು ಉದ್ದ ಅದ, ಕುಂತು ಕೇಳ್ರಿ.

ನಮ್ಮನಿ ಎದುರಿಗಿ ಒಂದು ಹಿಟ್ಟಿನ ಗಿರಣಿ ಅದ. ಗೊಲ್ಲಾಳಮ್ಮ ಕಾಕಿದು. ಮೊದಲ ಗಂಡ ನಡಸ್ತಿದ್ದ, ಆಂವ ಹೋದ ಮ್ಯಾಗ ಆಕೀನೇ ನಡಸ್ತಾಳ. ಐವತ್ತು ದಾಟ್ಯಾವ. ಹುಬ್ಬಿನ ಮ್ಯಾಗ ಯಾವಾಗ್ಲೂ ಜ್ವಾಳದ ಹಿಟ್ಟು ಕುಂತಿರ್ತದ, ಒರಸ್ಕೊಂಡ್ರ ಇನ್ನೊಂದು ಕಡಿ ಹತ್ತತದ. ಗಿರಣಿ ಸಪ್ಪಳದಾಗ ಮಾತಾಡಿ ಮಾತಾಡಿ ಆಕಿ ಧ್ವನಿ ಹೆಂಗಾಗ್ಯದ ಅಂದ್ರ, ಗುಟ್ಟು ಹೇಳಿದ್ರೂ ಓಣಿ ತುದಿ ತನಕ ಕೇಳ್ತದ.

ಕಾಕಿಗಿ ಪಿಕ್ಚರ್ ಹುಚ್ಚು, ಹಾಡಿನ ಹುಚ್ಚು, ಲೈಬ್ರರಿ ಪುಸ್ತಕದ ಹುಚ್ಚು. ಏಳನೇ ಇಯತ್ತೆ ತನಕ ಕಲ್ತಾಳ, ಆದ್ರ ಪುಸ್ತಕ ಓದೂದು ನೋಡಿದ್ರ ನಮ್ಮಂಗ ಗೈಡು ಓದೂರೆಲ್ಲ ನಾಚ್ಕೋಬೇಕು. ನೋಡಿದ್ದಕ್ಕ, ಕೇಳಿದ್ದಕ್ಕ, ತಿಂದಿದ್ದಕ್ಕ ಒಂದು ಮಾತು ಹೇಳಲಾರದ ಬಿಡಂಗಿಲ್ಲ. ಹೋದ ತಿಂಗಳ ನಾ ಮೊಬೈಲಿನ್ಯಾಗ ಒಬ್ಬ ದೊಡ್ಡ ಹೀರೋಂದು ಹೊಸ ಪಿಕ್ಚರ್ ಹಚ್ಚಿ ಕೊಟ್ಟೆ. ಮುಗದ ಮ್ಯಾಗ ಏನಂದ್ಳು ಗೊತ್ತೇನು?

"ಇಡೀ ಪಿಕ್ಚರಿನ್ಯಾಗ ಆ ಹುಡುಗ ಒಂದೊತ್ತೂ ಊಟ ಮಾಡಿಲ್ಲ, ನೋಡಿದ್ದೇನು? ಮಂದಿನ ಹೊಡ್ಯೂದು, ಸಿಗರೇಟ್ ಸೇದೂದು, ಸಾವಕಾಶ ನಡ್ಯೂದು. ಉಪಾಸ ಇದ್ದವಗ ಅಷ್ಟು ಸಿಟ್ಟು ಬರೂದೇ. ಯಾರರ ಎರಡು ರೊಟ್ಟಿ ಕೊಟ್ಟಿದ್ರ ಇಂಟರ್ವಲ್‌ಕ ಮುಗೀತಿತ್ತು."

ಈ ಮಾತಿಗಿ ನಾ ನಕ್ಕೆ. ಕಾಕಿ ನಗಲಿಲ್ಲ. ನನ್ನ ಮಾರಿ ನೋಡಿ, "ನೀ ಏನೂ ಅನ್ನಂಗಿಲ್ಲೇನು?" ಅಂದ್ಳು. "ಖರೇ ಅದ ಕಾಕಿ" ಅಂದೆ. "ಖರೇ ಅದನಂತ ಖರೇ" ಅಂತ ಮೊಬೈಲ್ ನನ್ನ ಕೈಯಾಗ ತುರುಕಿ ಹೊರಳಿ ಹೋದ್ಳು. ಆಕಿಗಿ ಬೇಕಾಗಿದ್ದು ಹೂಂ ಅನ್ನೂರಲ್ಲ, ಖಾಸಿಂಬೀ ಖಾಲಾ.

ಖಾಸಿಂಬೀ ಖಾಲಾ ಗಿರಣಿ ಹಿಂದಿನ ಮನ್ಯಾಗ ಇದ್ಳು. ಮದವಿ ಮನ್ಯಾಗ ಮೀಠಾ ಮಾಡೂದು ಆಕಿ ಕೆಲಸ. ಬಿರಿಯಾನಿ ಯಾರರ ಮಾಡ್ಲಿ, ಡಬಲ್ ಕಾ ಮೀಠಾ ಮಾತ್ರ ಖಾಸಿಂಬೀ ಕೈದೇ ಆಗಬೇಕು. ಬ್ರೆಡ್ಡು ತುಪ್ಪದಾಗ ಕೆಂಪಗ ಕರದು, ಹಾಲು ಸಕ್ರಿ ಪಾಕದಾಗ ನೆನಸಿ, ಬಾಯಾಗ ಇಟ್ರ ಹಲ್ಲಿಗಿ ಕೆಲಸ ಇರ್ತಿರಲಿಲ್ಲ.

ಈಗ ಕೇಳ್ರಿ. ಕರೆಂಟ್ ಹೋತಂದ್ರ ಊರೆಲ್ಲ ಬೈತದ. ಇವರಿಬ್ರೂ ಮಾತ್ರ ಕರೆಂಟ್ ಹೋಗೂ ಹಾದಿ ಕಾಯ್ತಿದ್ರು. ಗಿರಣಿ ಸಪ್ಪಳ ನಿಂತಿತೋ, ಖಾಲಾ ಒಲಿ ಮ್ಯಾಗಿಂದು ಒಲಿ ಮ್ಯಾಗೇ ಬಿಟ್ಟು ಎರಡು ಗ್ಲಾಸು ಚಹಾ ಹಿಡ್ಕೊಂಡು ಬರ್ತಿದ್ಳು. ಗೋಧಿ ಚೀಲದ ಮ್ಯಾಗ ಒಬ್ಬಾಕಿ, ಜ್ವಾಳದ ಚೀಲದ ಮ್ಯಾಗ ಒಬ್ಬಾಕಿ. ಕರೆಂಟ್ ಬರೂ ತನಕ ಜಗಳ.

"ಈಗಿನ ಹಾಡು ಏನ್ ಹಾಡು ಖಾಸಿಂ? ಹುಡುಗಿ ಬಿಟ್ಟು ಹೋದ್ಳು ಅಂತ ಅಳಾಕತ್ತಾನ, ಹಿಂದ ಮದವಿ ಬ್ಯಾಂಡು ಬಡ್ಯಾಕತ್ತಾರ. ಅಳಬೇಕೋ ಕುಣೀಬೇಕೋ ಒಂದು ಹೇಳ್ರಪಾ."

"ಎರಡೂ ಮಾಡು. ನನ್ನ ಮದವ್ಯಾಗ ನಾ ಎರಡೂ ಮಾಡೀನಿ."

"ನೀ ಅತ್ತಿದ್ದು ನಿನ್ನ ಗಂಡನ ಮಾರಿ ನೋಡಿ."

"ಕುಣದದ್ದೂ ಅದಕ್ಕ."

ಖಾಲಾಗ ಕನ್ನಡ ಮಾತು ಬರ್ತದ, ಓದಾಕ ಬರಂಗಿಲ್ಲ. ಅದಕ್ಕ ಕಾಕಿ ಪುಸ್ತಕ ಓದಿ ಕತಿ ಹೇಳ್ತಿದ್ಳು, ಖಾಲಾ ಕೇಳಿ ತೀರ್ಮಾನ ಕೊಡ್ತಿದ್ಳು. ಒಂದು ಸಲ ನಾನೇ ಒಂದು ಹೊಸ ಕಾದಂಬರಿ ತಂದುಕೊಟ್ಟಿದ್ದೆ. ಅದ್ರಾಗ ಗಂಡ ಹೆಂಡ್ತಿ ಒಂದೇ ಮನ್ಯಾಗ ಇದ್ದು ಪುಸ್ತಕ ಪೂರಾ ಮಾತಾಡಂಗಿಲ್ಲ. ಕಾಕಿಗಿ ಮೈಯೆಲ್ಲ ಉರೀತು. "ಇಬ್ರನ್ನೂ ನನ್ನ ಗಿರಣಿಗಿ ಕಳಸು. ಯಾರ ಡಬ್ಬಿ ಮೊದಲ ಅಂತ ಜಗಳಾಡಿ ತಾವೇ ಬಾಯಿ ಬಿಡ್ತಾರ. ಇದಕ್ಕ ಇಷ್ಟು ಕಾಗದ ಖರ್ಚು ಮಾಡ್ಯಾರ."

ಖಾಲಾ ಚಹಾ ಕುಡುದು ಗ್ಲಾಸ್ ಕೆಳಗಿಟ್ಟು ಅಂದ್ಳು, "ಮಾತಾಡಲಾರದ ಇರೂದು ಎಷ್ಟು ತ್ರಾಸ ಅದ ಅಂತ ನಿನಗೇನ್ ಗೊತ್ತು ಗೊಲ್ಲಾಳಿ. ನೀ ಮಾಡಿ ನೋಡಿಲ್ಲ."

ಇವರಿಬ್ರಾಗ ಒಂದು ಕಟ್ಟಳಿ ಇತ್ತು. ಸುಳ್ಳು ಹೊಗಳಬಾರ್ದು. ಖಾಲಾ ಮಾಡಿದ್ದು ಕಾಕಿ ತಿಂದು ಕಂಡಿದ್ದು ಹೇಳೂದು, ಕಾಕಿ ಮಾಡಿದ್ದು ಖಾಲಾ ತಿಂದು ಕಂಡಿದ್ದು ಹೇಳೂದು. ಕಾಕಿ ಮಾಡೂದೇನು, ಒಂದೇ ಒಂದು ಗೋಧಿ ಹುಗ್ಗಿ, ಅದೂ ಪ್ರತಿ ಸಲ ತಳ ಹತ್ತತದ. "ಊರಿಗೆಲ್ಲ ಹಿಟ್ಟು ಕೊಡ್ತಿ, ಒಂದು ಬೋಗಾಣಿ ಹುಗ್ಗಿ ಕಾಯಾಕ ಆಗಂಗಿಲ್ಲ ನಿನಗ" ಅಂತ ಖಾಲಾ ಬೈಕೋಂತ ಬೋಗಾಣಿ ತಳಾ ಕೆರದು ತಿಂತಿದ್ಳು.

ಹೋದ ಬ್ಯಾಸಗಿಗಿ ಖಾಲಾನ ಮಗಳು ಫಿರ್ದೌಸ್ ಯಾದಗಿರಿದಾಗ ಒಂದು ಸಣ್ಣ ಮೀಠಾ ಅಂಗಡಿ ತಗದ್ಳು. ಖಾಲಾನೂ ಆಕಿ ಜೋಡಿ ಯಾದಗಿರಿಗಿ ಹೋದ್ಳು. ಅಂಗಡಿ ತಗ್ಯೂ ದಿನ ಕಾಕಿ ಹೊಸ ಸೀರಿ ಉಟ್ಕೊಂಡು, ನನ್ನ ಕರ್ಕೊಂಡು, ಮೊದಲನೇ ಬಸ್ಸಿಗೇ ಹೋದ್ಳು. ಅಂಗಡಿ ಚಂದ ಇತ್ತು. ಬಣ್ಣ ಬಣ್ಣದ ಲೈಟು, ಗೋಡಿ ಮ್ಯಾಗ ಪ್ಲಾಸ್ಟಿಕ್ ಬಳ್ಳಿ. ಫಿರ್ದೌಸ್ ಕಾಕಿ ಕೈಯಾಗ ಒಂದು ಕಪ್ಪು ಕೊಟ್ಳು. ಕೆಳಗ ಡಬಲ್ ಕಾ ಮೀಠಾ, ಮ್ಯಾಗ ಚಾಕಲೇಟ್ ರಸ, ಅದರ ಮ್ಯಾಗ ಬಿಳಿ ಕ್ರೀಮು, ಅದರ ಮ್ಯಾಗ ಒಂದು ಬಿಸ್ಕೀಟು ನೆಟ್ಟಗ ನಿಂದ್ರಿಸಿದ್ರು.

ಫಿರ್ದೌಸ್ ಮೊಬೈಲ್ ಹಿಡದು ಲೈವ್ ಹಚ್ಚಿದ್ಳು. "ಗೊಲ್ಲಾಳಿ ಕಾಕಿ, ಹೆಂಗದ ಹೇಳ್ರಿ. ಖರೇ ಖರೇ ಹೇಳ್ರಿ."

ಖರೇ ಹೇಳು ಅಂದ್ರ ಕಾಕಿಗಿ ಇನ್ನೇನ್ ಬೇಕು. ಗಿರಣ್ಯಾಗಿನ ಧ್ವನಿಲೇನೇ ಶುರು ಹಚ್ಚಿದ್ಳು. "ಇದು ಯಾರ್ ಮಾಡ್ಯಾರವ್ವ? ಖಾಸಿಂ ಕೈದಲ್ಲ ಇದು. ಆಕಿ ಮಾಡಿದ್ರ ತುಪ್ಪ ಮೊದಲ ಮೂಗಿಗಿ ಬರ್ತದ, ಆಮ್ಯಾಗ ಬಾಯಿಗಿ. ಇದು ತಿಂದ್ರ ಸಾಲಿ ಹುಡುಗ್ರು ಚಾಕಲೇಟಿನ ಕಾಗದ ನೆಕ್ಕಿದಂಗ ಆಗ್ತದ."

ಅಂಗಡ್ಯಾಗಿನ ಮಂದಿ ಹೊಟ್ಟಿ ಹಿಡ್ಕೊಂಡು ನಕ್ರು. ಖಾಲಾ ಒಳಗಿನ ಬಾಗಿಲದಾಗ ನಿಂತಿದ್ಳು, ಕೈಯಾಗ ಇನ್ನಾ ಸೌಟು ಇತ್ತು. ಮಾಡಿದಾಕಿ ಆಕೀನೇ. ಚಾಕಲೇಟು ಹಾಕು ಅಂದಾಕಿನೂ ಆಕೀನೇ, ಈಗಿನ ಹುಡುಗ್ರು ತಿನ್ಲಿ ಅಂತ.

ಸುರಪುರಕ್ಕೂ ಬಂದಿತ್ತಲ್ಲ ಆ ವಿಡಿಯೋ, ಕಾಗದ ನೆಕ್ಕಿದಂಗ ಅಂತ ಒಬ್ಬಾಕಿ ಚೀರ್ತಾಳ, ಹಿಂದ ಯಾರೋ ಡೊಳ್ಳಿನ ಸಪ್ಪಳ ಹಚ್ಯಾರ. ನೀವೂ ನಕ್ಕೀರಿ, ನನಗ ಕಳಿಸೀರಿ. ಆಕಿ ನಮ್ಮ ಕಾಕಿ. ಇಬ್ರೇ ಇದ್ದಾಗ, ಕರೆಂಟ್ ಹೋದಾಗ ಆಡೂ ಮಾತು, ಊರ ಮುಂದ ಆಡಿಬಿಟ್ಳು.

ಖಾಲಾ ಜಗಳ ಮಾಡಲಿಲ್ಲ. ಜಗಳ ಮಾಡಿದ್ರ ಛಲೋ ಇತ್ತು. ನಾವು ಹೊಂಡೂ ಮುಂದ ಒಳಗ ಹೋಗಿ ಒಂದು ಸ್ಟೀಲ್ ಡಬ್ಬಿ ತಂದು ಕಾಕಿ ಕೈಯಾಗ ಇಟ್ಳು. "ತಗೋ. ನಿನಗಂತ ಚಾಕಲೇಟ್ ಇಲ್ಲದ್ದು ಬ್ಯಾರೆ ಮಾಡಿಟ್ಟಿದ್ದೆ." ಅಷ್ಟ ಅಂದು ಒಳಗ ಹೋದ್ಳು. ಆವತ್ತಿಂದ ಮಾತಿಲ್ಲ. ಫೋನ್ ಹಚ್ಚಿದ್ರ ಫಿರ್ದೌಸ್ ಎತ್ತತಾಳ, "ಅಮ್ಮಿ ಕೆಲಸದಾಗ ಅದಾಳ" ಅಂತಾಳ.

ಬಸ್ಸಿನ್ಯಾಗ ಕಾಕಿ ಆ ಡಬ್ಬಿ ತೊಡಿ ಮ್ಯಾಗ ಇಟ್ಕೊಂಡು ಕುಂತಳು, ಬಿಚ್ಚಲಿಲ್ಲ. ಮನಿಗಿ ಬಂದು ಒಬ್ಬಾಕಿನೇ ತಿಂದ್ಳು. ಮರುದಿನ ನನಗಂದ್ಳು, "ಏಲಕ್ಕಿ ಸ್ವಲ್ಪ ಕಡಿಮಿ ಬಿದ್ದಿತ್ತು ಗುಡ್ಡಿ. ಇದನ್ನ ಈಗ ಯಾರಿಗಿ ಹೇಳ್ಲಿ?"

"ಮಾಫಿ ಕೇಳ್ರಿ ಕಾಕಿ" ಅಂದೆ.

"ಊರ ಮುಂದ ಅಂದಿದ್ದಕ್ಕ ಕೇಳ್ತೀನಿ, ಫೋನ್ ಎತ್ತಿದ್ರ. ಮೀಠಾ ಛಲೋ ಇತ್ತು ಅಂತ ಮಾತ್ರ ಅನ್ನಂಗಿಲ್ಲ. ಆಕಿಗೇ ಸುಳ್ಳು ಹೇಳಿದ್ರ ಮತ್ತ ಆಕಿ ಬಂದ್ರೇನು, ಬಿಟ್ರೇನು."

ಈಗ ಚಳಿ ಬಿದ್ದದ. ಡಬ್ಬಿ ಇನ್ನಾ ಕಾಕಿ ಮನ್ಯಾಗೇ ಇತ್ತು. ನಮ್ಮ ಕಡಿ ನಿಮಗೂ ಗೊತ್ತದ, ಇನ್ನೊಬ್ರ ಡಬ್ಬಿ ಬರಿದು ಮಾಡಿ ಹೊಳ್ಳಿ ಕೊಡಂಗಿಲ್ಲ, ಏನರ ಹಾಕಿ ಕೊಡಬೇಕು. ಮತ್ತೇನಿಲ್ಲಂದ್ರ ಒಂದು ಹಿಡಿ ಸಕ್ರಿ. ಕಾಕಿಗಿ ಒಂದು ಹಿಡಿ ಸಕ್ರಿ ಹಾಕಿ ಕಳಸಾಕ ಮನಸ್ಸಿಲ್ಲ, ಬರಿದು ಕಳಸಾಕ ಧೈರ್ಯ ಇಲ್ಲ. ದಿನಾ ಮುಂಜಾನಿ ಅದನ್ನ ಗೋಡಿ ಮಾಡದಾಗಿಂದ ತಗೂದು, ಒರಸೂದು, ಮತ್ತ ಅಲ್ಲೇ ಇಡೂದು.

ಕರೆಂಟ್ ಈಗೂ ಹೋಗ್ತದ. ಸಪ್ಪಳ ನಿಂತ ಕೂಡ್ಲೇ ಕಾಕಿ, ಖಾಲಾ ಬರ್ತಿದ್ದ ಹಿಂದಿನ ಸಂದಿ ಕಡಿ ನೋಡ್ತಾಳ. ಹಿಟ್ಟು ಹಾಕಿಸ್ಕೊಳಾಕ ಬಂದ ಹೆಣ್ಮಕ್ಳ ಮುಂದ ಪಿಕ್ಚರಿಂದು ಮಾತು ತಗೀತಾಳ. ಅವರು ಎಲ್ಲದಕ್ಕೂ "ಹೌದ್ರಿ ಗೊಲ್ಲಾಳಮ್ಮ, ಬರೋಬ್ಬರಿ ಹೇಳಿದ್ರಿ" ಅಂತಾರ. ಆಕಿ ಮಾತು ಅಲ್ಲಿಗೇ ಸಾಯ್ತದ. ಒಂದಿನ ನನಗ, "ಆ ಮಾತಾಡಲಾರದ ಗಂಡ ಹೆಂಡ್ತಿ ಪುಸ್ತಕ ಇನ್ನೊಂದು ಸಲ ತಂದುಕೊಡು" ಅಂದ್ಳು. ತಂದುಕೊಟ್ಟೆ. ಓದಿ ಹೊಳ್ಳಿ ಕೊಡೂ ಮುಂದ ಪುಸ್ತಕದ ಮ್ಯಾಗಿನ ಹಿಟ್ಟು ಸೆರಗಿಲೇ ಒರಸಿ, "ಛಲೋ ಬರದಾರ" ಅಂದ್ಳು. ಅಷ್ಟೇ. ಬ್ಯಾರೆ ಮಾತಿಲ್ಲ.

ಇವತ್ತ ಮುಂಜಾನಿ ನಾ ಬ್ಯಾಗ್ ಹಾಕ್ಕೊಂಡು ಹೊರಗ ಬಂದೇನಿ, ಕಾಕಿ ಗಿರಣಿ ಬಾಗಿಲದಾಗ ನಿಂತು ಕರದ್ಳು. "ಏ ಗುಡ್ಡಿ, ಕಾಲೇಜು ಇವತ್ತ ಬಿಡು. ಬಂದು ಗೋಧಿ ಕುಟ್ಟು."

ಕುಟ್ಟಿದೆ. ಕಾಕಿ ಒಲಿ ಮ್ಯಾಗ ಗೋಧಿ ಬೇಯ್ಸಿ, ಬೆಲ್ಲಾ ಹಾಕಿ, ಒಣ ಕೊಬ್ರಿ ಹಾಕಿ ತಿರುವಾಕತ್ತಿದ್ಳು. ಅಷ್ಟ್ರಾಗ ಯಾರೋ ಮೆಣಸಿನಕಾಯಿ ತಂದ್ರು, ಆಕಿ ಗಿರಣಿಗಿ ಹೋದ್ಳು. ನನ್ನ ಮೂಗಿಗಿ ವಾಸನಿ ಬಂತು.

"ಕಾಕಿ, ತಳ ಹತ್ತಾಕತ್ತದ."

"ನೀ ಮುಟ್ಟಬ್ಯಾಡ. ಹತ್ಲಿ ಬಿಡು. ಆಕಿಗೂ ಏನರ ಅನ್ನಾಕ ಬೇಕಲ್ಲ."

ಹುಗ್ಗಿ ಆರಿಸಿ ಖಾಲಾನ ಡಬ್ಬಿಗಿ ತುಂಬಿದ್ಳು. ಆ ಡಬ್ಬಿ ಮ್ಯಾಗ, ಮುಚ್ಚಳದ ಮ್ಯಾಗ, ಚುಕ್ಕಿ ಚುಕ್ಕಿಲೇ ಖಾಸಿಂಬೀ ಅಂತ ಹೆಸರು ಕೊರಸ್ಯಾರ. ನಾ ನೋಡ್ತೀನಿ, ಕಾಕಿ ಮುಚ್ಚಾಕತ್ತಿದ್ದ ಮುಚ್ಚಳದ ಮ್ಯಾಗ ಗೊಲ್ಲಾಳಮ್ಮ ಅಂತ ಅದ.

"ಕಾಕಿ, ಮುಚ್ಚಳ ಅದಲಾಬದಲಾ ಆಗ್ಯದ."

"ಗೊತ್ತದ."

"ಕೂಡಂಗಿಲ್ಲ ಅದು. ಒಂದು ಕಡಿ ಎದ್ದು ನಿಂತದ."

"ಬಟ್ಟಿ ಕಟ್ಟು ಬಿಗದು."

"ಮತ್ತ ಖಾಲಾಂದು ಮುಚ್ಚಳ?"

"ಇರ್ಲಿ ಇಲ್ಲೇ. ಪೂರಾ ಡಬ್ಬಿ ಕಳಸಿದ್ರ ಮುಗದೇ ಹೋತಲ್ಲ."

ಬಟ್ಟಿ ಕಟ್ಟಿದೆ. ಯಾದಗಿರಿ ಬಸ್ಸಿನ ಕಂಡಕ್ಟರ್ ನಾಗಣ್ಣ ನಮ್ಮ ಓಣಿಯಾಂವ, ಹಾಸ್ಟೆಲ್ ಹುಡುಗ್ರ ಬುತ್ತಿ ಎಲ್ಲಾ ಆಂವನೇ ಮುಟ್ಟಸ್ತಾನ. ಅಂವನ ಸೀಟಿನ ಬಾಜೂಕ ಇಡಿಸಿದ್ವಿ. "ಹುಗ್ಗಿ ಏನ್ರಿ ಅಕ್ಕೋರ?" ಅಂತ ಕೇಳಿ ಮೂಸಿ ನೋಡಿ, ಮತ್ತ ಕೇಳಲಿಲ್ಲ. ಫಿರ್ದೌಸ್‌ಗ ನಾ ಮೆಸೇಜ್ ಹಾಕಿದೆ, ಬಸ್ ಸ್ಟ್ಯಾಂಡಿಗಿ ಯಾರರ ಬರ್ರಿ ಅಂತ. "ಅಮ್ಮಿಗಿ ಹೇಳ್ತೀನಿ" ಅಂತ ಬಂತು. ಅಷ್ಟೇ.

ಇವತ್ತ ಕಾಕಿ ಒಬ್ಬಾಕಿಗಿ ಗೋಧಿ ದಪ್ಪ ಬೀಸಿ ಕೊಟ್ಳು, ಇನ್ನೊಬ್ಬಾಕಿಗಿ ಜ್ವಾಳದಾಗ ಮೆಣಸಿನಕಾಯಿ ಘಾಟು ಹತ್ತಿಸಿ ಕೊಟ್ಳು. ಬೈಸ್ಕೊಂಡ್ಳು, ಹೊಳ್ಳಿ ಬೈಲಿಲ್ಲ. ಯಾದಗಿರಿ ಬಸ್ಸಿನ ಹಾರ್ನ್ ಕೇಳಿದ್ರ ಮೋಟಾರ್ ಬಂದ್ ಮಾಡಿ ರಸ್ತಾ ನೋಡೂದು. ಕರೆಂಟ್ ಇದ್ದಾಗ ಆಕಿ ಕೈಲೆ ಗಿರಣಿ ನಿಲ್ಲಿಸಿದ್ದು ನಾ ಇವತ್ತೇ ನೋಡಿದ್ದು.

ಹೊತ್ತು ಮುಣಗೂ ಮುಂದ ನಾಗಣ್ಣ ಚೀಲ ಹೆಗಲಿಗಿ ಹಾಕ್ಕೊಂಡು ಓಣ್ಯಾಗ ಬಂದ. ಕೈ ಬರಿದು.

"ಯಾರ್ ಬಂದಿದ್ರೋ ನಾಗಣ್ಣ?"

"ಖಾಸಿಂಬೀನೇ ಬಂದಿದ್ರು."

"ಏನಂದ್ಳು?"

"ಮೊದಲ ಏನೂ ಅನ್ನಲಿಲ್ರಿ. ಅಲ್ಲೇ ನಿಂತು ಬಟ್ಟಿ ಬಿಚ್ಚಿದ್ರು, ಮೂಸಿ ನೋಡಿದ್ರು." ನಾಗಣ್ಣ ಮೂಗು ಸೊಟ್ಟ ಮಾಡಿ ತೋರಿಸಿದ. "ಹಿಂಗ ಮಾಡಿದ್ರು."

ಕಾಕಿ ತುಟಿ ಸ್ವಲ್ಪ ಅಲುಗ್ಯಾಡಿತು. "ಆಮ್ಯಾಗ?"

"ಬೆರಳಿಲೇ ಒಂದಿಷ್ಟು ಬಾಯಾಗ ಹಾಕ್ಕೊಂಡ್ರು. ಮುಚ್ಚಳ ಹೊರಳಿಸಿ ನೋಡಿದ್ರು. ಹೆಸರು ಓದಾಕ ಬರಂಗಿಲ್ಲಂತ, ಈ ಮುಚ್ಚಳ ನಂದಲ್ಲ, ಯಾರದದ ಇದು ಅಂತ ಕೇಳಿದ್ರು. ಓದಿ ಹೇಳಿದೆ. ನಾನು, ಕೊಡ್ರಿ ಹೊಳ್ಳಿ ಒಯ್ತೀನಿ ಅಂದೆ. ಕೊಡಲಿಲ್ಲ. ಅದನ್ನೇ ಮುಚ್ಚಿ, ಬಟ್ಟಿ ಕಟ್ಕೊಂಡು, ಬಗಲಾಗ ಇಟ್ಕೊಂಡು ಹೋದ್ರು."

"ಕೊಡಲಿಲ್ಲ?"

"ಇಲ್ರಿ."

ನಾಗಣ್ಣ ಹೋದ. ಅಷ್ಟ್ರಾಗ ಕರೆಂಟ್ ಹೋತು. ಕಾಕಿ ಗೋಧಿ ಚೀಲದ ಮ್ಯಾಗ ಕುಂತಳು. ಜ್ವಾಳದ ಚೀಲದ ಮ್ಯಾಗ ನಾ ಕೂಡಾಕ ಹೋದ್ರ, "ಅಲ್ಲಿ ಬ್ಯಾಡವ್ವ, ಈ ಕಡಿ ಕೂಡು" ಅಂತ ಬಾಜೂಕ ಜಾಗಾ ಮಾಡಿದ್ಳು. ಇಬ್ರೂ ಹಿಂದಿನ ಸಂದಿ ಕಡಿ ನೋಡ್ಕೋಂತ ಕುಂತ್ವಿ. ಯಾರೂ ಬರಲಿಲ್ಲ, ಬರೂರೂ ಇರಲಿಲ್ಲ. ಆಕಿ ಮೊಬೈಲ್ ಕೈಯಾಗ ಹಿಡಕೊಂಡು, ನಿನ್ನಿ ನೋಡಿದ ಪಿಕ್ಚರಿಂದು ಏನೋ ಹೇಳಾಕ ಬಾಯಿ ತಗದು, ಮತ್ತ ಬ್ಯಾಡ ಅಂತ ಮೊಬೈಲ್ ಕೆಳಗ ಇಟ್ಟುಬಿಟ್ಳು. "ಇರ್ಲಿ. ಆಕಿಗಿ ಹೇಳೂದು ಅದ" ಅಂದ್ಳು.

ಕರೆಂಟ್ ಬಂತು. ಬೀಸೂದು ಏನೂ ಉಳದಿರಲಿಲ್ಲ. ಕಾಕಿ ಗಿರಣಿ ಬಾಗಿಲಾ ಎಳದು ಒಳಗ ಹೋಗಿ, ಹಾಲಿಗಿ ಹೆಪ್ಪು ಹಾಕಿದ್ಳು. ಮಾಡದಾಗಿನ ಖಾಸಿಂಬೀ ಖಾಲಾನ ಮುಚ್ಚಳ ತಗದು ಸೆರಗಿಲೇ ಒರಸಿ, ಆ ಹಾಲಿನ ಗಡಗಿ ಮ್ಯಾಗ ಇಟ್ಳು. ಬಾಯಿಗಿ ಕೂಡಲಿಲ್ಲ ಅದು, ಜಾರಾಕತ್ತಿತು. ತಕ್ಕಡ್ಯಾಗಿನ ಅರ್ಧ ಕಿಲೋ ಕಲ್ಲು ತಂದು ಅದರ ಮ್ಯಾಗ ಹೇರಿ, ಲೈಟ್ ಆರಿಸಿದ್ಳು.